ಹೊಸ ಗಾಡಿ ಬೆವರಲ್ಲ, ಸೋರುತ್ತೆ: ಮುಂದಿನ ಆಕ್ಸಲ್ ಎಣ್ಣೆ ಎಲ್ಲಿಂದ ಬರ್ತಿದೆ ಅಂತ ಮೊದಲು ನೀವೇ ನೋಡಿ

“ಹೊಸ ಗಾಡಿ ಅಲ್ವಾ ಸಾರ್, ಮೊದಮೊದಲು ಸ್ವಲ್ಪ ಬೆವರುತ್ತೆ. ಆಮೇಲೆ ತಾನೇ ಸರಿಹೋಗುತ್ತೆ.”

ಹೊಸದಾಗಿ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ತಗೊಂಡವರು ಮುಂದಿನ ಚಕ್ರದ ಒಳಮೈಯಲ್ಲಿ ಎಣ್ಣೆ ಜಿನುಗ್ತಿದೆ ಅಂತ ಶೋರೂಂಗೆ ಹೋದರೆ ಈ ಮಾತು ಕೇಳಿಬರೋದು ಅಪರೂಪ ಅಲ್ಲ. ನಾನು ಈ ಮಾತನ್ನು ಒಪ್ಪಲ್ಲ. ಕಬ್ಬಿಣ ಬೆವರಲ್ಲ. ಆಯಿಲ್ ಸೀಲ್ ಅನ್ನೋದು ರಬ್ಬರ್. ದಿನ ಕಳೆದಂತೆ ಸವೆಯುತ್ತೆ, ಗಟ್ಟಿಯಾಗುತ್ತೆ. ಗಾಯದ ಹಾಗೆ ತಾನಾಗಿ ಮಾಯೋ ವಸ್ತು ಅಲ್ಲ ಅದು. 60 ಗಂಟೆ ಓಡಿದ ಗಾಡಿ ಸೋರ್ತಿದೆ ಅಂದರೆ 600 ಗಂಟೆ ಹೊತ್ತಿಗೆ ಇನ್ನೂ ಜಾಸ್ತಿ ಸೋರುತ್ತೆ. ಆ ಹೊತ್ತಿಗೆ ವಾರಂಟಿಯ ಎಷ್ಟು ದಿನ ಉಳಿದಿರುತ್ತೆ ಅಂತ ನೀವೇ ಲೆಕ್ಕ ಹಾಕಿ.

ಹಾಗಂತ ಒಂದು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ, “ಈ ಕಂಪನಿ ಗಾಡಿ ಯಾರೂ ತಗೋಬೇಡಿ” ಅಂತ ಕಿರುಚಾಡೋದನ್ನೂ ನಾನು ಒಪ್ಪಲ್ಲ. ಇವೆರಡರ ನಡುವೆ ಒಂದು ಕೆಲಸ ಇದೆ: ಪತ್ತೆ ಮಾಡೋದು. ಅದಕ್ಕೆ ಬೇಕಾಗಿರೋದು ಒಂದು ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಒಂದು ರಟ್ಟು, ಒಂದಿಷ್ಟು ಟಾಲ್ಕಂ ಪೌಡರ್ ಮತ್ತು ನಿಮ್ಮ ಕೈಲಿರೋ ಫೋನು.

ರೋಗ ಗೊತ್ತಾಗದೆ ಔಷಧಿ ಹೊಡೆಯೋ ಚಾಳಿ

ನಾನು ಓದಿದ್ದು ತೋಟಗಾರಿಕೆ. ಕಾಲೇಜಿನಲ್ಲಿ ಸಸ್ಯರೋಗದ ಪಾಠ ಮಾಡುವಾಗ ಮೇಷ್ಟ್ರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳೋರು: ಲಕ್ಷಣ ಬೇರೆ, ಕಾರಣ ಬೇರೆ. ದಾಳಿಂಬೆ ಎಲೆ ಮೇಲೆ ಚುಕ್ಕೆ ಕಂಡ ತಕ್ಷಣ ಅದು ದುಂಡಾಣು ಅಂಗಮಾರಿನೋ ಶಿಲೀಂಧ್ರನೋ ಅಂತ ನೋಡದೆ ಅಂಗಡಿಯವನು ಕೊಟ್ಟಿದ್ದನ್ನು ಹೊಡೆದರೆ ದುಡ್ಡೂ ಹೋಯ್ತು, ಗಿಡಾನೂ ಹೋಯ್ತು. ಗಾಡಿ ವಿಷಯದಲ್ಲೂ ಅಷ್ಟೇ. “ಮುಂದೆ ಎಣ್ಣೆ ಬೀಳ್ತಿದೆ” ಅನ್ನೋದು ಲಕ್ಷಣ. ಯಾವ ಎಣ್ಣೆ, ಯಾವ ಜಾಗದಿಂದ, ಯಾವಾಗ ಬೀಳ್ತಿದೆ ಅನ್ನೋದು ಗೊತ್ತಾಗದೆ ಸೀಲ್ ಬದಲಾಯಿಸೋದು ಕಣ್ಣು ಮುಚ್ಚಿಕೊಂಡು ಔಷಧಿ ಹೊಡೆದ ಹಾಗೆ.

ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ಲು ಸುಮ್ಮನೆ ಭಾರ ಹೊರುವ ತೊಲೆ ಇದ್ದ ಹಾಗೆ. ಅದಕ್ಕೆ ಗ್ರೀಸ್ ಹೊಡೆದರೆ ಮುಗೀತು. ಫೋರ್ ವೀಲ್ ಡ್ರೈವ್‌ನಲ್ಲಿ ಹಾಗಲ್ಲ. ಗೇರ್‌ಬಾಕ್ಸಿನಿಂದ ಒಂದು ಶಾಫ್ಟ್ ಮುಂದಕ್ಕೆ ಬಂದು ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ಗೆ ಸೇರುತ್ತೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಶಾಫ್ಟ್ ಹೋಗಿ, ಚಕ್ರ ತಿರುಗೋ ಮೂಲೆಯಲ್ಲಿ ಗೇರು ಅಥವಾ ಜಾಯಿಂಟ್ ಮೂಲಕ ಹಬ್‌ಗೆ ಶಕ್ತಿ ಕೊಡುತ್ತೆ. ಇಷ್ಟೂ ಗೇರುಗಳು ಎಣ್ಣೆಯಲ್ಲೇ ತಿರುಗಬೇಕು. ತಿರುಗೋ ಭಾಗ, ನಿಂತ ಭಾಗ ಸೇರೋ ಪ್ರತಿ ಜಾಗದಲ್ಲೂ ಒಂದು ಸೀಲ್. ಎರಡು ಕವಚ ಸೇರೋ ಪ್ರತಿ ಜಾಗದಲ್ಲೂ ಒಂದು ಪ್ಯಾಕಿಂಗ್ ಅಥವಾ ಓ-ರಿಂಗ್. ಅಂದರೆ ಸೋರೋಕೆ ಒಂದಲ್ಲ, ಏಳೆಂಟು ಬಾಗಿಲು.

ಮೊದಲ ಪ್ರಶ್ನೆ: ಯಾವ ಎಣ್ಣೆ?

ಮುಂದಿನ ಚಕ್ರದ ಹತ್ತಿರ ಬಿದ್ದಿದ್ದೆಲ್ಲ ಆಕ್ಸಲ್ ಎಣ್ಣೆ ಅಲ್ಲ. ಆಕ್ಸಲ್ ಮೇಲೇ ಸ್ಟೇರಿಂಗ್ ಸಿಲಿಂಡರ್ ಕೂತಿರುತ್ತೆ, ಅದರಲ್ಲಿ ಹೈಡ್ರಾಲಿಕ್ ಎಣ್ಣೆ. ಅದರ ಮೇಲೆ ಇಂಜಿನ್ ಮುಂಭಾಗ, ರೇಡಿಯೇಟರ್. ಎಲ್ಲದರ ಹನಿಯೂ ಕೊನೆಗೆ ಬಂದು ಕೂರೋದು ಆಕ್ಸಲ್ ಮೇಲೇನೇ.

ಒಂದು ಬಿಳಿ ಕಾಗದಕ್ಕೆ ಹನಿ ಮುಟ್ಟಿಸಿ ನೋಡಿ. ನಾವು 90 ನಂಬರ್ ಅನ್ನೋ ಗೇರ್ ಆಯಿಲ್ ದಪ್ಪ, ಜೇನಿನ ಬಣ್ಣದಿಂದ ಕಂದು. ಗಂಧಕದ ಘಾಟು ಮೂಗಿಗೆ ಹೊಡೆಯುತ್ತೆ, ಒಂದ್ಸಲ ಮೂಸಿದರೆ ಮರೆಯಲ್ಲ. ಹೈಡ್ರಾಲಿಕ್ ಎಣ್ಣೆ ತೆಳು, ಘಾಟು ಕಡಿಮೆ. ಇಂಜಿನ್ ಆಯಿಲ್ ಸ್ವಲ್ಪ ಓಡಿದ ಮೇಲೆ ಕಪ್ಪಾಗಿರುತ್ತೆ. ಕೂಲಂಟ್ ನೀರಿನ ಹಾಗೆ ಹರಿಯುತ್ತೆ, ಹಸಿರೋ ಗುಲಾಬಿಯೋ ಬಣ್ಣ ಇರುತ್ತೆ. ಎಣ್ಣೆ ಹಾಲು ಕಲಸಿದ ಹಾಗೆ ಕಂಡರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಆಗ ಸೋರಿಕೆಗಿಂತ ದೊಡ್ಡ ತೊಂದರೆ ಅದು, ಗಾಡಿ ಓಡಿಸೋದು ನಿಲ್ಲಿಸಿ.

ಒಂದು ಎಚ್ಚರಿಕೆ: ಕೆಲವು ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸು, ಹೈಡ್ರಾಲಿಕ್ಕು, ಮುಂದಿನ ಆಕ್ಸಲ್ಲು ಎಲ್ಲಕ್ಕೂ ಒಂದೇ ಜಾತಿ ಎಣ್ಣೆ ಹಾಕ್ತಾರೆ. ಅಲ್ಲಿ ಬಣ್ಣ, ವಾಸನೆ ಏನೂ ಹೇಳಲ್ಲ. ಜಾಗ ನೋಡಿಯೇ ಹೇಳಬೇಕು. ನಿಮ್ಮ ಗಾಡಿಗೆ ಯಾವುದು ಅಂತ ಕೊಟ್ಟಿರೋ ಪುಸ್ತಕದಲ್ಲಿ ಇದೆ. ಆ ಪುಸ್ತಕ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದ್ದರೆ ಇವತ್ತು ಹರಿದು ತೆಗೀರಿ.

ಜೀಪು, ಫೋರ್ ಬೈ ಫೋರ್ ಪಿಕಪ್ ಇದ್ದವರಿಗೆ ಇನ್ನೊಂದು ಮಾತು. ಚಕ್ರದ ಒಳಗಡೆ ತೆಳ್ಳಗಿನ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ಮಟ್ಟ ನೋಡಿ. ಇಳಿದಿದ್ದರೆ ಗಾಡಿ ಮುಟ್ಟಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಎರಡನೇ ಪ್ರಶ್ನೆ: ಎಲ್ಲಿಂದ?

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ. ಈ ಕೆಲಸಕ್ಕೆ ಗಾಡಿ ಎತ್ತೋ ಅಗತ್ಯಾನೇ ಇಲ್ಲ. ಸ್ಟೇರಿಂಗ್ ಹೋಸ್ ಸೋರ್ತಿರೋ ಅನುಮಾನ ಇದ್ದರೆ ಇಂಜಿನ್ ಓಡುವಾಗ ಬೆರಳಿಟ್ಟು ಹುಡುಕಬೇಡಿ. ಒತ್ತಡದಲ್ಲಿರೋ ಎಣ್ಣೆ ಸಣ್ಣ ತೂತಿನಿಂದ ಬಂದರೆ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗುತ್ತೆ. ರಟ್ಟಿನ ತುಂಡು ಹಿಡಿದು ನೋಡಿ.

ಈಗ ಸೀಮೆಎಣ್ಣೆ ಬಟ್ಟೆಯಿಂದ ಆಕ್ಸಲ್ಲನ್ನು ಪೂರ್ತಿ ಒರೆಸಿ. ವಾಟರ್ ಸರ್ವೀಸ್ ಗನ್ ಹಿಡಿದು ಸೀಲ್ ಮೇಲೆ ಹೊಡೆಯಬೇಡಿ, ಇರೋ ಸೀಲೂ ಕೆಡುತ್ತೆ. ಒಣಗಿದ ಮೇಲೆ ಟಾಲ್ಕಂ ಪೌಡರನ್ನು ತೆಳ್ಳಗೆ ಹಚ್ಚಿ. ರಂಗೋಲಿ ಪುಡಿ ಬೇಡ, ಅದು ಕಲ್ಲಿನ ಪುಡಿ; ಸೀಲ್ ಒಳಗೆ ಹೋದರೆ ಉಜ್ಜುತ್ತೆ. ಆಮೇಲೆ ಅರ್ಧ ಗಂಟೆ ಹೊಲದಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ ಕೆಲಸ ಮಾಡಿ, ಬಂದು ಟಾರ್ಚ್ ಹಾಕಿ ನೋಡಿ. ಪೌಡರ್ ಒದ್ದೆಯಾದ ಗೆರೆ ಕಾಣುತ್ತೆ. ಆ ಗೆರೆಯ ಕೆಳತುದಿ ಅಲ್ಲ, ಅತಿ ಮೇಲಿನ ತುದಿ ನಿಮಗೆ ಬೇಕಾದ್ದು. ಎಣ್ಣೆ ಇಳಿಯೋದು ಕೆಳಕ್ಕೆ, ಗಾಳಿ ತಳ್ಳೋದು ಹಿಂದಕ್ಕೆ. ಹಾಗಾಗಿ ಮೂಲ ಹುಡುಕೋದು ಮೇಲಕ್ಕೆ ಮತ್ತು ಮುಂದಕ್ಕೆ. ರಾತ್ರಿ ಕೆಳಗೆ ರಟ್ಟು ಹಾಸಿ, ಅದರ ಮೇಲೆ ಎಡಚಕ್ರ, ಬಲಚಕ್ರ, ನಡುಭಾಗ ಅಂತ ಪೆನ್ನಲ್ಲಿ ಗುರುತು ಮಾಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ.

ನಡುವಿನಲ್ಲಿ ಶಾಫ್ಟ್ ಸೇರೋ ಜಾಗದಲ್ಲಿ ಒದ್ದೆ ಇದ್ದರೆ ಪಿನಿಯನ್ ಸೀಲ್. ಚಕ್ರದ ಒಳಮೈ, ರಿಮ್ಮಿನ ಮೇಲೆ ಸುತ್ತಲೂ ಎರಚಿದ್ದರೆ ಹಬ್ ಸೀಲ್. ಚಕ್ರ ತಿರುಗೋ ಮೂಲೆಯಲ್ಲಿ ಇದ್ದರೆ ಅಲ್ಲಿನ ಸೀಲ್ ಅಥವಾ ಕವಚದ ಜೋಡಣೆ. ಬೋಲ್ಟಿನ ಸುತ್ತ ಇದ್ದರೆ ಬೋಲ್ಟ್ ಸಡಿಲ ಅಥವಾ ಪ್ಯಾಕಿಂಗ್ ಕಡಿಮೆ. ತಳದ ಡ್ರೈನ್ ಪ್ಲಗ್ಗಿನಲ್ಲಿ ಇದ್ದರೆ ಅದರ ವಾಷರ್. ಎಲ್ಲಕ್ಕಿಂತ ಅಗ್ಗದ ರೋಗ.

ಒಂದು ವಿನಾಯಿತಿ ಮಾತ್ರ ಕೊಡ್ತೀನಿ. ಜೋಡಿಸುವಾಗ ಸೀಲ್ ತುಟಿಗೆ ಹಚ್ಚಿದ ಗ್ರೀಸು ಮೊದಲ ಕೆಲವು ಗಂಟೆಯಲ್ಲಿ ಸ್ವಲ್ಪ ಹೊರಗೆ ಬರಬಹುದು. ಒಂದ್ಸಲ ಒರೆಸಿ. ಮತ್ತೆ ಬರಲಿಲ್ಲ ಅಂದರೆ ಸರಿ. ಮತ್ತೆ ಬಂದರೆ ಅದು ಬೆವರೂ ಅಲ್ಲ, ಗ್ರೀಸೂ ಅಲ್ಲ.

ಮೂರನೇ ಪ್ರಶ್ನೆ: ಯಾಕೆ?

ತುಂಬಾ ಜನ ಮೆಕ್ಯಾನಿಕ್ಕುಗಳೂ ಹಾರಿಸಿಬಿಡೋ ಜಾಗ ಇದು: ಬ್ರೀದರ್. ಆಕ್ಸಲ್ ಮೇಲೆ ಚಿಕ್ಕ ಟೋಪಿಯ ಹಾಗೋ, ಸಣ್ಣ ಪೈಪಿನ ಹಾಗೋ ಇರುತ್ತೆ. ಕೆಲಸ ಮಾಡುವಾಗ ಒಳಗಿನ ಎಣ್ಣೆ ಕಾದು ಗಾಳಿ ಹಿಗ್ಗುತ್ತೆ; ಆ ಗಾಳಿ ಹೊರಗೆ ಹೋಗೋ ದಾರಿ ಇದು. ಕೆಸರೋ ಬಣ್ಣವೋ ಕಟ್ಟಿಕೊಂಡು ಮುಚ್ಚಿಹೋದರೆ ಗಾಳಿ ಎಣ್ಣೆಯನ್ನು ಸೀಲಿನ ಮೂಲಕ ಹೊರಕ್ಕೆ ತಳ್ಳುತ್ತೆ. ಅದೇ ಕಾದ ಆಕ್ಸಲ್ಲನ್ನು ತಣ್ಣಗಿನ ಗದ್ದೆ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಮೂಲಕ ನೀರು ಒಳಕ್ಕೆ ಎಳೆಯುತ್ತೆ. ಬ್ರೀದರ್ ನೋಡದೆ ಬರೀ ಸೀಲ್ ಹಾಕಿದರೆ ಹೊಸ ಸೀಲೂ ಸೋರುತ್ತೆ. ಗಾಡಿ ಕಾದಾಗ ಮಾತ್ರ ಸೋರ್ತಿದ್ದು, ತಣ್ಣಗಾದಾಗ ನಿಲ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ಎರಡನೆಯದು ಎಣ್ಣೆ ಮಟ್ಟ. ಜಾಸ್ತಿ ತುಂಬಿದರೂ ಹೊರಗೆ ಬರುತ್ತೆ. ಗಾಡಿ ತಣ್ಣಗಿರುವಾಗ, ಸಮ ನೆಲದ ಮೇಲೆ, ಪುಸ್ತಕದಲ್ಲಿ ಹೇಳಿದ ಹಾಗೆ ಮಟ್ಟ ನೋಡಿ.

ಮೂರನೆಯದು ನಮ್ಮ ಹೊಲದ್ದೇ ಕೊಡುಗೆ. ಡ್ರಿಪ್ ಪೈಪಿನ ಚೂರು, ಟೊಮೆಟೊ ಕಟ್ಟೋ ದಾರ, ಮಲ್ಚಿಂಗ್ ಹಾಳೆ, ಚೀಲದ ನೈಲಾನ್ ಎಳೆ ಹಬ್ಬಿಗೆ ಸುತ್ತಿಕೊಂಡು ಸೀಲಿನೊಳಗೆ ನುಗ್ಗಿ ಅದನ್ನು ಕತ್ತರಿಸುತ್ತೆ. ಅದು ಕಂಪನಿ ದೋಷ ಅಲ್ಲ, ವಾರಂಟಿಯಲ್ಲಿ ಕೇಳೋದೂ ನ್ಯಾಯ ಅಲ್ಲ. ಶೋರೂಂಗೆ ಹೋಗೋ ಮೊದಲು ಅಲ್ಲಿ ದಾರ ಇದೆಯಾ ನೋಡಿ. ಅವರು ಅದನ್ನು ಮೊದಲು ಕಂಡರೆ ನಿಮ್ಮ ಮಾತಿಗೆ ಬೆಲೆ ಇರಲ್ಲ. ಹಾಗೇ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕ್ಕೊಂಡು ಓಡಿಸಬೇಡಿ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತೆ. ಡಾಂಬರಿನ ಮೇಲೆ ಜಾರಲ್ಲ, ಆ ಒತ್ತಡ ಪೂರ್ತಿ ಗೇರು, ಶಾಫ್ಟಿನ ಮೇಲೆ ಬೀಳುತ್ತೆ.

ಇಷ್ಟೂ ನೋಡಿ ಏನೂ ಸಿಗದಿದ್ದರೆ ಮಾತ್ರ ಉಳಿಯೋದು ಜೋಡಣೆಯ ದೋಷ: ಹಾಕುವಾಗಲೇ ಹರಿದ ಸೀಲು, ಕೂರದ ಓ-ರಿಂಗು, ಸರಿಯಾಗಿ ಬಿಗಿಯದ ಬೋಲ್ಟು.

ನನ್ನ ಗಾಡಿಯ ಕಥೆ

ನಾನು ಅಡಿಕೆ-ತೆಂಗಿನ ಸಾಲಿನ ನಡುವೆ ಓಡಿಸೋಕೆ ಚಿಕ್ಕ ಫೋರ್ ವೀಲ್ ಟ್ರ್ಯಾಕ್ಟರ್ ತಗೊಂಡೆ. 70 ಗಂಟೆ ಹೊತ್ತಿಗೆ ಎಡಗಡೆ ಹಬ್ ಒದ್ದೆ. ಶೋರೂಂನವರು ಮೊದಲ ಸಲ ಒರೆಸಿ, ಎಣ್ಣೆ ತುಂಬಿಸಿ ಕಳಿಸಿದರು. ಎರಡನೇ ಸಲ “ಹಬ್ ಸೀಲ್ ಹಾಕ್ತೀವಿ, ಬರೋಕೆ ವಾರ ಆಗುತ್ತೆ” ಅಂದರು. ಅಷ್ಟರಲ್ಲಿ ಮೇಲೆ ಹೇಳಿದ ಹಾಗೆ ಒರೆಸಿ, ಪೌಡರ್ ಹಚ್ಚಿ ನೋಡಿದರೆ ಹಬ್ ಸೀಲಿನ ಸುತ್ತ ಪೌಡರ್ ಒಣಗಿದೆ! ಒದ್ದೆ ಗೆರೆ ಶುರುವಾಗಿದ್ದು ಒಂದು ಗೇಣು ಮೇಲೆ, ಎರಡು ಕವಚ ಸೇರೋ ಜಾಗದಲ್ಲಿ. ಅಲ್ಲಿಂದ ಇಳಿದು ಹಬ್ಬಿನ ಮೇಲೆ ಕೂತು ಹನಿಯಾಗ್ತಿತ್ತು. ಫೋಟೋ, ವಿಡಿಯೋ ಜೊತೆಗೆ ಜಾಬ್ ಕಾರ್ಡಿನಲ್ಲಿ ಬರೆಸಿದೆ. ಬಿಚ್ಚಿದಾಗ ಸಿಕ್ಕಿದ್ದು ಮಡಚಿ ಕೂತ ಓ-ರಿಂಗು. ಅದನ್ನು ಬದಲಿಸಿದ ಮೇಲೆ ಸೋರಿಕೆ ನಿಂತಿತು.

ಈ ಓಡಾಟದಲ್ಲಿ ಎರಡು ಹದ ಮಳೆ ಕೈಬಿಟ್ಟು ಹೋಯ್ತು. ಹಸಿರೆಲೆ ಗೊಬ್ಬರಕ್ಕೆ ಸೆಣಬು ಚೆಲ್ಲೋದು ತಡವಾಯ್ತು. ಆ ನಷ್ಟಕ್ಕೆ ಯಾವ ವಾರಂಟಿಯಲ್ಲೂ ಕಾಲಂ ಇಲ್ಲ. ಕಂತು ಮಾತ್ರ ಗಾಡಿ ನಿಂತಿದ್ದರೂ ಬರುತ್ತೆ.

“ಅಷ್ಟು ಸಣ್ಣ ಸೋರಿಕೆಗೆ ಇಷ್ಟೆಲ್ಲಾ ಬೇಕಾ?”

ಬೇಕು. ನಿಮಿಷಕ್ಕೆ ಒಂದು ಹನಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 8 ಗಂಟೆ ಓಡಿದರೆ 480 ಹನಿ. 30 ಹನಿಗೆ 1 ಮಿಲಿ ಅಂದರೂ ದಿನಕ್ಕೆ 16 ಮಿಲಿ, 25 ದಿನಕ್ಕೆ 400 ಮಿಲಿ. ಚಿಕ್ಕ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಹಿಡಿಯೋದೇ ಕೆಲವು ಲೀಟರು. ಕೆಲವು ಮಾಡೆಲ್‌ಗಳಲ್ಲಿ ಹಬ್ಬಿಗೆ ಬೇರೆಯೇ ಕೋಣೆ ಇದ್ದು, ಅಲ್ಲಿರೋ ಎಣ್ಣೆ ಇನ್ನೂ ಕಡಿಮೆ. ಎಣ್ಣೆ ಇಲ್ಲದ ಗೇರು ಶಬ್ದ ಮಾಡೋಕೆ ಶುರು ಮಾಡಿದಾಗ ಕೆಲಸ ಸೀಲಿನಿಂದ ಗೇರಿಗೆ ಹೋಗಿರುತ್ತೆ.

ಇನ್ನೊಂದು ಕಾರಣ ನನ್ನಂಥ ಸಾವಯವ ಬೆಳೆಗಾರರಿಗೆ ದೊಡ್ಡದು. ಆ 400 ಮಿಲಿ ಬಿದ್ದಿದ್ದು ಎಲ್ಲಿ? ನಾವು ಜೀವಾಮೃತ ಕೊಟ್ಟು, ಎರೆಹುಳು ಕರೆಸಿಕೊಂಡ ಮಣ್ಣಿಗೆ. ಒಂದು ಕಡೆ ಯೂರಿಯಾ ಬೇಡ ಅಂತ ಹೇಳಿ ಇನ್ನೊಂದು ಕಡೆ ಸಾಲಿನುದ್ದಕ್ಕೂ ಗೇರ್ ಆಯಿಲ್ ಚೆಲ್ಲಿಕೊಂಡು ಹೋಗೋದು ನನಗೆ ಸರಿ ಕಾಣಲ್ಲ. ಬಿದ್ದ ಜಾಗದ ಮಣ್ಣನ್ನು ಕೆರೆದು ತೆಗೆದು ಬೇರೆ ಇಡಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಶೆಡ್ಡಿನ ನೆಲದಲ್ಲಿ ಬಿದ್ದರೆ ಮರದ ಹೊಟ್ಟು ಹಾಕಿ ಹೀರಿಸಿ.

“ಹಾಗಾದ್ರೆ ರೈತರೇ ಮೆಕ್ಯಾನಿಕ್ ಆಗ್ಬೇಕಾ?” ಅಂತ ಕೇಳಬಹುದು. ಖಂಡಿತ ಬೇಡ. ವಾರಂಟಿ ಇರೋ ಗಾಡಿಯ ಒಂದು ಬೋಲ್ಟನ್ನೂ ನೀವಾಗಿ ಬಿಚ್ಚಬೇಡಿ, ಊರ ಮೆಕ್ಯಾನಿಕ್ ಕೈಲೂ ಬಿಚ್ಚಿಸಬೇಡಿ. “ಹೊರಗೆ ಕೈ ಹಾಕಿಸಿದ್ದೀರಿ” ಅನ್ನೋ ಒಂದು ನೆಪ ಸಾಕು ಅವರಿಗೆ. ನಾನು ಹೇಳ್ತಿರೋದು ಹೊರಗಿನಿಂದ ನೋಡೋ ಕೆಲಸ ಮಾತ್ರ. ಡಾಕ್ಟರ ಹತ್ತಿರ ಹೋದಾಗ ಎಲ್ಲಿ ನೋವು, ಯಾವಾಗಿಂದ ಅಂತ ನಾವೇ ತಾನೇ ಹೇಳಬೇಕು?

ಬಾಯಿಮಾತು ಬೇಡ, ಜಾಬ್ ಕಾರ್ಡ್ ಬೇಕು

ನಿಜವಾದ ಜಗಳ ಇರೋದು ಇಲ್ಲಿ. “ಹೇಳಿದ್ದೀನಿ, ನೋಡ್ತೀನಿ ಅಂದಿದ್ದಾರೆ” ಅನ್ನೋದು ದಾಖಲೆ ಅಲ್ಲ. ಪ್ರತಿ ಸಲ ಹೋದಾಗಲೂ ಜಾಬ್ ಕಾರ್ಡ್ ಮಾಡಿಸಿ. ದೂರು ನಿಮ್ಮ ಮಾತಲ್ಲೇ ಬರೆಸಿ: “ಎಡ ಮುಂದಿನ ಆಕ್ಸಲ್ ಮೂಲೆಯ ಜೋಡಣೆಯಲ್ಲಿ ಎಣ್ಣೆ ಸೋರಿಕೆ, ಎರಡನೇ ಸಲ.” ತಾರೀಖು, ಅವರ್ ಮೀಟರ್ ಓದಿದ್ದು ಅದರಲ್ಲಿ ಇರಲಿ. ಅದರ ಫೋಟೋ ನಿಮ್ಮ ಫೋನಿನಲ್ಲಿರಲಿ. ಮೀಟರ್ ಕಾಣೋ ಹಾಗೆ ಒಂದು ಫೋಟೋ, ಸೋರೋ ಜಾಗದ್ದು ಒಂದು, ಮಾರನೇ ದಿನದ ರಟ್ಟಿನದು ಒಂದು. ತೆಗೆದ ಹಳೇ ಸೀಲ್ ತೋರಿಸಿ ಅಂತ ಕೇಳಿ. ಎಣ್ಣೆ ತುಂಬಿಸೋದು ರಿಪೇರಿ ಅಲ್ಲ. ಹಾಗಂತ ಮುಲಾಜಿಲ್ಲದೆ, ಆದರೆ ಮರ್ಯಾದೆಯಿಂದಲೇ ಹೇಳಿ. ಕೌಂಟರಿನಲ್ಲಿ ಕೂತ ಹುಡುಗ ನಿಮ್ಮ ವಯಸ್ಸಿನವನೇ, ಗಾಡಿ ಜೋಡಿಸಿದವನು ಅವನಲ್ಲ.

ಎರಡು ಸಲಕ್ಕೆ ಸರಿಹೋಗದಿದ್ದರೆ ಕಂಪನಿಗೇ ಇ-ಮೇಲ್ ಹಾಕಿ. ಅದಕ್ಕೂ ಉತ್ತರ ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. “ವ್ಯವಸಾಯಕ್ಕೆ ತಗೊಂಡಿದ್ದು ವ್ಯಾಪಾರದ ಉದ್ದೇಶ, ನೀವು ಗ್ರಾಹಕರಲ್ಲ” ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಸ್ವಂತ ದುಡಿಮೆಯಿಂದ ಜೀವನ ನಡೆಸೋಕೆ ಅಂತಲೇ ಕೊಂಡು ಬಳಸೋ ವಸ್ತು ವ್ಯಾಪಾರದ ಉದ್ದೇಶಕ್ಕೆ ಸೇರಲ್ಲ. ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯ ಅಲ್ಲ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು. ಆದರೆ ಅಲ್ಲಿ ನಿಮ್ಮ ಕೋಪಕ್ಕೆ ಬೆಲೆ ಇಲ್ಲ, ಜಾಬ್ ಕಾರ್ಡಿಗೆ ಇದೆ.

ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಅಪ್ಪಂದಿರು ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡೋರು, ಸುಳಿ ನೋಡೋರು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡೋರು. ಮಾರುವವನ ಬಾಯಿಮಾತು ನಂಬಿ ಹಗ್ಗ ಹಿಡಿದವರಲ್ಲ. ಎತ್ತಿಗಿಂತ ಹತ್ತಾರು ಪಟ್ಟು ಬೆಲೆಯ ಗಾಡಿಗೆ ನಾವು ಪೂಜೆ ಮಾಡಿ, ಹಾರ ಹಾಕಿ, ಸ್ಟೇಟಸ್ ಹಾಕಿ ಸುಮ್ಮನಾಗ್ತೀವಿ. ಈ ವಾರ ಒಂದು ದಿನ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮೊದಲು ಬಗ್ಗಿ ಮುಂದಿನ ಎರಡೂ ಚಕ್ರದ ಒಳಮೈಗೆ ಬೆರಳು ಆಡಿಸಿ. ಬೆರಳು ಒಣಗಿದ್ದರೆ ಸಂತೋಷ. ಒದ್ದೆಯಾದರೆ ಬಟ್ಟೆ, ಪೌಡರು, ರಟ್ಟು, ಫೋನು, ಆಮೇಲೆ ಶೋರೂಂ.